ಆನ್‌ಲೈನ್ ಜಾತ್ರೆಯಲ್ಲಿ ರೊಟ್ಟಿ ಸಿಗುವುದಿಲ್ಲ ಸ್ವಾಮೀ!

ಈ ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನವಾಗಿತ್ತು. ಟೈಮ್ ಇರಲಿಲ್ಲ ಅಂತೇನಲ್ಲ, ಕೂತು ಬರೆಯುವಷ್ಟು ಸಿಟ್ಟು ಬಂದಿರಲಿಲ್ಲ ಅಷ್ಟೇ. ಈಗ ಬಂದಿದೆ.

ಸಂಗತಿ ಇಷ್ಟು. ಗೆಳೆಯರೊಬ್ಬರು ಒಂದು ಲೇಖನ ಕಳಿಸಿದ್ದರು. ಕೊರೊನಾ ಕಾಲದಲ್ಲಿ ಚೀನಾದ ಕಲಾವಿದರ ಸಂಘಗಳು ಹೇಗೆ ತಮ್ಮ ಕೆಲಸದ ರೀತಿಯನ್ನೇ ಬದಲಿಸಿಕೊಂಡವು, ಪ್ರದರ್ಶನಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಿದವು, ಚಿತ್ರಕಾರರು ಮನೆಯಲ್ಲೇ ಕೂತು ಡಾಕ್ಟರುಗಳ ಚಿತ್ರ ಬರೆದರು ಇತ್ಯಾದಿ. ಅದರ ಜೊತೆಗೆ ಅವರದೇ ಒಂದು ಒಗ್ಗರಣೆ: "ನೋಡ್ರಿ, ಸಂಘ ಅಂದ್ರ ಹಿಂಗಿರಬೇಕು. ನಮ್ಮ ನಾಟಕ ಕಂಪನಿಯವರು ಇನ್ನೂ ತಗಡು ಹೊತಗೊಂಡು ಊರೂರು ತಿರಗತಾರ. ಕಾಲಕ್ಕ ತಕ್ಕಂಗ ಬದಲಾಗಲಿಲ್ಲ, ಅದಕ್ಕ ಹಾಳಾದ್ರು."

ಇದೇ ಮಾತನ್ನು ನಾನು ಬಾಗಲಕೋಟೆಯ ನವನಗರದಲ್ಲಿ ಚಹಾ ಕುಡಿಯುತ್ತ ಕೇಳಿದ್ದೇನೆ, ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ಇನ್ನೂ ದೊಡ್ಡ ದೊಡ್ಡ ಶಬ್ದಗಳಲ್ಲಿ ಕೇಳಿದ್ದೇನೆ. "ಸಾಂಕ್ರಾಮಿಕದ ಸವಾಲಿಗೆ ಕಲೆ ಹೊಂದಿಕೊಂಡ ಬಗೆ" ಅಂತ ಒಂದು ಶೀರ್ಷಿಕೆ ಕೊಟ್ಟುಬಿಟ್ಟರೆ ಮುಗಿಯಿತು, ಯಾರು ಉಪವಾಸ ಬಿದ್ದರು ಅಂತ ಯಾರೂ ಕೇಳುವುದಿಲ್ಲ. ಹೊಂದಿಕೊಳ್ಳುವುದು! ಎಂಥ ನುಣುಪಾದ ಮಾತು ನೋಡಿ. ಇಲಕಲ್ಲಿನ ಒಬ್ಬ ಹಾರ್ಮೋನಿಯಂ ಮಾಸ್ತರರು 2020ರಲ್ಲಿ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಗೆ ಕೆಲಸಕ್ಕೆ ಹೋದರು. ಕಲ್ಲಿನ ರಾಡಿಯಲ್ಲಿ ಕೈಯಿಟ್ಟು ಬೆರಳು ಬಿರುಕು ಬಿಟ್ಟಿದ್ದವು. ಅದೂ ಹೊಂದಿಕೊಂಡದ್ದೇ ಹಾಗಾದರೆ?

ಮೊದಲು ಚೀನಾದ ಲೆಕ್ಕ ಮುಗಿಸಿಬಿಡೋಣ. ಅಲ್ಲಿಯ ಕಲಾವಿದರ ಸಂಘ ಅಂದರೆ ನಾವು ನೀವು ಹತ್ತು ಮಂದಿ ಸೇರಿ ನೋಂದಣಿ ಮಾಡಿಸುವ ಸಂಘವಲ್ಲ. 1949ರಲ್ಲಿ ಹುಟ್ಟಿದ ಸಾಹಿತ್ಯ ಕಲಾ ವಲಯಗಳ ಅಖಿಲ ಚೀನಾ ಒಕ್ಕೂಟ ಅಂತ ಒಂದಿದೆ, ಅದರ ಕೆಳಗೆ ಚಿತ್ರಕಾರರದು, ನಾಟಕದವರದು, ಸಂಗೀತದವರದು ಅಂತ ಬೇರೆ ಬೇರೆ ಸಂಘಗಳು. ಎಲ್ಲವೂ ಪಕ್ಷದ ಮತ್ತು ಸರಕಾರದ ನೆರಳಿನಲ್ಲೇ ಇರುವಂಥವು. 2020ರ ಜನವರಿ 23ಕ್ಕೆ ವುಹಾನ್ ಬಾಗಿಲು ಹಾಕಿತು. 25ಕ್ಕೆ ಅವರ ಹೊಸ ವರ್ಷ. ಬೀಜಿಂಗಿನ ಗುಡಿ ಜಾತ್ರೆಗಳು ರದ್ದಾದವು. (ಹೌದು, ಅಲ್ಲಿಯೂ ಗುಡಿ ಜಾತ್ರೆಗಳಿವೆ, ಅಲ್ಲಿಯೂ ಜಾತ್ರೆಯೆಂದರೆ ತಿಂಡಿ, ಆಟಿಕೆ, ಕುಣಿತ, ಬಯಲಿನ ಆಟ.) ಸಂಘಗಳಿಂದ ಕರೆ ಹೋಯಿತು, ರೋಗದ ವಿರುದ್ಧದ ಹೋರಾಟದ ಬಗ್ಗೆ ಕೃತಿ ರಚಿಸಿರಿ ಅಂತ. ಪೋಸ್ಟರುಗಳು, ಹಾಡುಗಳು, ಕುಂಚ ಬರಹಗಳು ಬಂದವು, ಫೋನಿನಲ್ಲಿ ಓಡಾಡಿದವು. 2020ರ ಆಗಸ್ಟ್ 1ಕ್ಕೆ ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಅದೇ ವಿಷಯದ ದೊಡ್ಡ ಪ್ರದರ್ಶನವೂ ಶುರುವಾಯಿತು.

ಚೆನ್ನಾಗಿಯೇ ಇದೆ. ಆದರೆ ಅದೇ ವುಹಾನಿನಲ್ಲಿ ಫಾಂಗ್ ಫಾಂಗ್ ಎಂಬ ಲೇಖಕಿ ಮನೆಯಲ್ಲಿ ಕೂತು ದಿನಚರಿ ಬರೆದು ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಹುಬೇ ಪ್ರಾಂತ್ಯದ ಲೇಖಕರ ಸಂಘಕ್ಕೆ ಹಿಂದೆ ಅಧ್ಯಕ್ಷರಾಗಿದ್ದವರು ಅವರು. ಊರಿನಲ್ಲಿ ಸತ್ತವರ ಬಗ್ಗೆ, ಮುಚ್ಚಿಟ್ಟ ಸಂಗತಿಗಳ ಬಗ್ಗೆ ಬರೆದದ್ದಕ್ಕೆ ಅವರನ್ನು ದೇಶದ್ರೋಹಿ ಅಂತ ಹೀನಾಯವಾಗಿ ಬೈದರು. ಸಂಘದ ಹೊಂದಾಣಿಕೆಗೆ ಒಂದು ಬೆಲೆ ಇತ್ತು ಅನ್ನುವುದನ್ನು ಆ ಲೇಖನ ಕಳಿಸಿದವರು ಗಮನಿಸಿದಂತಿಲ್ಲ. ಪಗಾರ ಕೊಡುವ ಕೈಯೇ ಬಾಯಿಗೆ ಬೀಗವನ್ನೂ ಹಾಕುತ್ತದೆ. ಇನ್ನು ಹಳ್ಳಿ ಹಳ್ಳಿ ತಿರುಗುವ ಖಾಸಗಿ ಒಪೇರಾ ಮೇಳಗಳು ಅಲ್ಲಿಯೂ ಇವೆ. ಅವರಿಗೂ ಜಾತ್ರೆ, ಹಬ್ಬಗಳೇ ಅನ್ನ. ಅವರ ಕಥೆ ಪ್ರದರ್ಶನದ ಗೋಡೆಯ ಮೇಲೆ ಬರುವುದಿಲ್ಲ.

ಈಗ ನಮ್ಮ ಕಡೆ ಬರೋಣ.

ದಕ್ಷಿಣದ ಕಡೆಯ ಓದುಗರಿಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು, ಗೊತ್ತಿದ್ದವರು ಮುಂದಿನ ಪ್ಯಾರಾ ಹಾರಿಸಿ ಓದಿರಿ :-)

ಬಾದಾಮಿಯಿಂದ ನಾಲ್ಕೈದು ಕಿಲೋಮೀಟರು ದೂರ, ಚೊಳಚಗುಡ್ಡದ ಹತ್ತಿರ ಬನಶಂಕರಿ. ಪುಷ್ಯ ಮಾಸದ ಹುಣ್ಣಿಮೆ, ಅಂದರೆ ನಮ್ಮ ಬನದ ಹುಣ್ಣಿಮೆಗೆ ತೇರು. ತೇರು ಎಳೆದ ಮೇಲೆ ಜಾತ್ರೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಕೆಂಪಿಂಡಿ, ಗಡಿಗೆಯ ಮೊಸರು ಮಾರುವ ಹೆಣ್ಣುಮಕ್ಕಳು. ಬಾಗಿಲು ಚೌಕಟ್ಟು, ಕಂಬಳಿ, ಬಳೆ, ಸೀರೆ. ಇವೆಲ್ಲದರ ನಡುವೆ ಸಾಲಾಗಿ ನಾಟಕದ ಥೇಟರುಗಳು. ತಗಡಿನ ಗೋಡೆ, ತಗಡಿನ ಮಾಡು, ಮುಂದೆ ಬಣ್ಣಬಣ್ಣದ ಕಟೌಟು, ಮೈಕಿನಲ್ಲಿ ಕೂಗು. ಕರ್ನಾಟಕದ ಬೇರೆ ಬೇರೆ ಕಡೆಯ ವೃತ್ತಿ ಕಂಪನಿಗಳು ಎಲ್ಲಿದ್ದರೂ ಈ ತಿಂಗಳಿಗೆ ಇಲ್ಲಿಗೆ ಬಂದು ಕ್ಯಾಂಪ್ ಹಾಕುತ್ತವೆ. ದಿನಕ್ಕೆ ಒಂದು ಆಟ ಅಲ್ಲ, ಮೂರು ನಾಲ್ಕು ಆಟ. ಎತ್ತಿನ ಗಾಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬಂದ ಹಳ್ಳಿಯ ಮಂದಿ ಒಂದು ಥೇಟರಿನಿಂದ ಎದ್ದು ಇನ್ನೊಂದಕ್ಕೆ ಹೋಗಿ ಕೂಡುತ್ತಾರೆ, ಬೆಳಗಾಗುತ್ತದೆ. ಕಂಪನಿಯ ಮಾಲೀಕರನ್ನು ಕೇಳಿದರೆ ಹೇಳುತ್ತಾರೆ, ವರ್ಷದ ಸಾಲ ತೀರುವುದು ಇದೊಂದು ಜಾತ್ರೆಯಲ್ಲಿ ಅಂತ.

ಈ ನೆಲಕ್ಕೂ ನಾಟಕಕ್ಕೂ ಇರುವ ನಂಟು ಇವತ್ತಿನದಲ್ಲ. ರಕ್ತರಾತ್ರಿ ಬರೆದ ಕಂದಗಲ್ಲ ಹಣಮಂತರಾಯರ ಕಂದಗಲ್ಲ ಇರುವುದು ಹಳೆಯ ಹುನಗುಂದ ತಾಲೂಕಿನಲ್ಲಿ. ಸಂಪತ್ತಿಗೆ ಸವಾಲ್ ಅಂದರೆ ನಿಮಗೆ 1974ರ ರಾಜಕುಮಾರ್ ಸಿನಿಮಾ ನೆನಪಾದೀತು, ನಮಗೆ ಅದಕ್ಕೂ ಮೊದಲು ಪಿ.ಬಿ. ದುತ್ತರಗಿಯವರ ನಾಟಕ ನೆನಪಾಗುತ್ತದೆ. ಅವರು ಅದೇ ತಾಲೂಕಿನ ಸೂಳೇಭಾವಿಯವರು. ಕಮತಗಿಯ ಹೊಳೆ ಹುಚ್ಚೇಶ್ವರನ ಹೆಸರು ಹೊತ್ತ ನಾಟ್ಯ ಸಂಘ ನಾಡೆಲ್ಲ ತಿರುಗಿದೆ. ಒಂದು ತಾಲೂಕಿಗೆ ಇಷ್ಟು ಸಾಕಲ್ಲವೇ?

ಕಂಪನಿಗಳಷ್ಟೇ ಆದರೆ ಲೆಕ್ಕ ಸಣ್ಣದು. ನಿಜವಾದ ಸಂಖ್ಯೆ ಇರುವುದು ಅದರ ಕೆಳಗೆ. ನಮ್ಮ ಕಡೆ ಪ್ರತಿ ಹಳ್ಳಿಯ ಜಾತ್ರೆಗೆ ಊರ ಹುಡುಗರೇ ಒಂದು ನಾಟಕ ಆಡಬೇಕು. ಅದಕ್ಕೆ ಎರಡು ಮೂರು ತಿಂಗಳು ಮೊದಲೇ ಹಾರ್ಮೋನಿಯಂ ಮಾಸ್ತರ ಬಂದು ಊರ ಗುಡಿಯಲ್ಲೋ ಸಾಲಿಯ ಕೋಣೆಯಲ್ಲೋ ತಾಲೀಮು ಶುರು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಬಾಗಲಕೋಟೆ, ಇಲಕಲ್ಲ, ಗದಗ, ಹುಬ್ಬಳ್ಳಿಯಿಂದ ಕಲಾವಿದೆಯರು ಬರುತ್ತಾರೆ, ಒಂದು ಸೀಜನ್ನಿಗೆ ಹತ್ತಾರು ಊರು. ಸೀನರಿಯವರು ಬೇರೆ, ಮೇಕಪ್ಪಿನವರು ಬೇರೆ, ಕ್ಯಾಶಿಯೋ ಮತ್ತು ರಿದಂ ಪ್ಯಾಡಿನವರು ಬೇರೆ, ಲೈಟು ಮೈಕಿನವರು ಬೇರೆ, ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನವನು ಬೇರೆ. ಇದರ ಜೊತೆಗೆ ಶ್ರೀಕೃಷ್ಣ ಪಾರಿಜಾತದ ಮೇಳಗಳು, ಸಣ್ಣಾಟ ದೊಡ್ಡಾಟದವರು, ಗೀಗೀ ಪದದವರು, ಹಲಗಿ ಮಜಲಿನವರು, ಕರಡಿ ಮಜಲಿನವರು. ಇವರಲ್ಲಿ ಹೆಚ್ಚಿನವರಿಗೆ ಹೊಲವಿಲ್ಲ, ಇದ್ದರೂ ಒಣ ಬೇಸಾಯದ ಎರಡೆಕರೆ.

ಈಗ ಕ್ಯಾಲೆಂಡರ್ ತೆಗೆಯಿರಿ. ನಮ್ಮ ಜಾತ್ರೆಯ ಸೀಜನ್ನು ಬನದ ಹುಣ್ಣಿಮೆಗೆ ಶುರುವಾಗಿ ಹೋಳಿ, ಯುಗಾದಿ, ಬಸವ ಜಯಂತಿ ದಾಟಿ ಮಳೆ ಬೀಳುವವರೆಗೆ. 2020ರ ಬನದ ಹುಣ್ಣಿಮೆ ಜನವರಿ 10ಕ್ಕೆ ಆಗಿಹೋಗಿತ್ತು, ಅದೊಂದು ಪುಣ್ಯ. ಆದರೂ ಅದಕ್ಕೆ ಐದು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತ್ತು, ಹೊಳೆಸಾಲಿನ ಹಳ್ಳಿಗಳ ಮಂದಿಯ ಕೈಯಲ್ಲಿ ರೊಕ್ಕ ಇರಲಿಲ್ಲ. ಮಾರ್ಚ್ ಹತ್ತಕ್ಕೆ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು. 14ರಿಂದ ರಾಜ್ಯದಲ್ಲಿ ಸಿನಿಮಾ, ಮಾಲ್, ಜಾತ್ರೆ ಎಲ್ಲ ಬಂದ್. ಒಂದು ವಾರ ಅಂದಿದ್ದರು. ಮಾರ್ಚ್ 25ಕ್ಕೆ ದೇಶಕ್ಕೇ ಲಾಕ್‌ಡೌನ್. ಅವತ್ತು ಏನಿತ್ತು ನೆನಪಿದೆಯೇ? ಯುಗಾದಿ! ನಮ್ಮ ಹಳ್ಳಿಗಳಲ್ಲಿ ನಾಟಕಗಳು ಒಂದರ ಮೇಲೊಂದು ಬೀಳುವ ಹೊತ್ತು. ಮಾಸ್ತರರು ತಾಲೀಮು ಮುಗಿಸಿ, ಇನ್ನು ರಂಗದ ಮೇಲೆ ಏರುವುದೊಂದೇ ಬಾಕಿ, ಪೂರ್ತಿ ರೊಕ್ಕ ಸಿಗುವುದು ಆಟದ ರಾತ್ರಿಯೇ. ಸಿಗಲಿಲ್ಲ.

ಸಿನಿಮಾ ಥೇಟರುಗಳಿಗೆ ಅರ್ಧ ಸೀಟು ಅಂತ ಅನುಮತಿ ಸಿಕ್ಕಿದ್ದು ಆ ವರ್ಷದ ಅಕ್ಟೋಬರ್ 15ರಿಂದ. ಜಾತ್ರೆಯೇ ಇಲ್ಲದ ಊರಲ್ಲಿ ನಾಟಕದ ತಗಡು ನಿಲ್ಲಿಸಿ ಅರ್ಧ ಸೀಟು ತುಂಬಿಸುವವರು ಯಾರು? 2021ರ ಬನದ ಹುಣ್ಣಿಮೆ, ಜನವರಿ 28. ನಿರ್ಬಂಧ. 2022ರದು, ಜನವರಿ 17. ಒಮಿಕ್ರಾನ್, ಮತ್ತೆ ನಿರ್ಬಂಧ. ನಡುವೆ 2021ರ ಬೇಸಿಗೆಯೂ ಎರಡನೇ ಅಲೆಗೆ ಹೋಯಿತು. ಅಂದರೆ ವರ್ಷದ ಎಲ್ಲ ತಿಂಗಳುಗಳಲ್ಲಿ ಯಾವ ಐದು ತಿಂಗಳು ಇವರು ದುಡಿಯುತ್ತಾರೋ ಸರಿಯಾಗಿ ಅದೇ ತಿಂಗಳುಗಳು, ಅದೂ ಒಂದರ ಹಿಂದೆ ಒಂದು ವರ್ಷ. ಬೇರೆ ಧಂಧೆಗಳಿಗೂ ಪೆಟ್ಟು ಬಿತ್ತು, ಇಲ್ಲ ಅನ್ನುವುದಿಲ್ಲ. ಮದುವೆ ಸೀಜನ್ ಹೋಗಿ ಇಲಕಲ್ಲಿನ ಕುಣಿಮಗ್ಗಗಳು ನಿಂತವು, ಗುಳೇದಗುಡ್ಡದ ಖಣಗಳು ಪೆಟ್ಟಿಗೆಯಲ್ಲೇ ಉಳಿದವು. ಆದರೆ ನೇಯ್ದ ಸೀರೆ ಮಡಚಿಟ್ಟರೆ ಆರು ತಿಂಗಳ ಮೇಲೂ ಮಾರಬಹುದು. ಆಡದೇ ಹೋದ ನಾಟಕವನ್ನು ಮಡಚಿಡಲು ಬರುವುದಿಲ್ಲ.

ಇಲ್ಲಿ ಒಬ್ಬಿಬ್ಬರು ಎದ್ದು ನಿಲ್ಲುತ್ತಾರೆ ಅಂತ ನನಗೆ ಗೊತ್ತು. "ಹಾಗಾದರೆ ಜೀವ ಹೋದರೂ ಜಾತ್ರೆ ಮಾಡಬೇಕಿತ್ತೇ?" ಇಲ್ಲ ಮಾರಾಯರೇ, ನಾನು ಹಾಗೆ ಹೇಳುತ್ತಿಲ್ಲ. ಬಾದಾಮಿ ತಾಲೂಕಿನ ಢಾಣಕಶಿರೂರು 2020ರ ಮೇ ತಿಂಗಳಲ್ಲಿ ಹೇಗೆ ಸುದ್ದಿಯಾಯಿತು, ಇಡೀ ಊರು ಹೇಗೆ ಸೀಲ್ ಆಯಿತು ಅಂತ ಈ ಕಡೆಯವರಿಗೆಲ್ಲ ಗೊತ್ತು. ನಾಲ್ಕು ಆಟ, ಒಂದೇ ತಗಡಿನ ಕೆಳಗೆ ಮೈಗೆ ಮೈ ತಾಗಿಸಿ ಕೂತ ಮಂದಿ. ಅಲ್ಲಿ ರೋಗ ಹಬ್ಬದೆ ಇರುತ್ತದೆಯೇ? ಜಾತ್ರೆ ನಿಲ್ಲಿಸಿದ್ದು ಸರಿ. ನಾನು ಕೇಳುವುದು ಬೇರೆ. ಊರಿನ ಎಲ್ಲರ ಜೀವ ಉಳಿಸಲು ಅಂತ ಕೆಲವರ ದುಡಿಮೆಯನ್ನು ಪೂರ್ತಿ ನಿಲ್ಲಿಸಿದಿರಲ್ಲ, ಆ ಕೆಲವರಿಗೆ ಊರು ಏನು ಕೊಟ್ಟಿತು?

ಅದೂ ಎಲ್ಲ ಗದ್ದಲವನ್ನೂ ನಿಲ್ಲಿಸಿದ್ದರೆ ಮಾತು ಬೇರೆ. 2020ರ ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತು. 30ಕ್ಕೆ ಎಣಿಕೆ, ಗುಲಾಲು, ಡೊಳ್ಳು, ಪಟಾಕಿ. ಒಂದು ತಿಂಗಳೂ ತುಂಬುವುದರೊಳಗೆ ಬನಶಂಕರಿಯಲ್ಲಿ ಮಾತ್ರ ವೈರಸ್ಸು ಎಚ್ಚರಾಯಿತು. 2021ರ ಏಪ್ರಿಲ್ 17ಕ್ಕೆ ಮಸ್ಕಿ ಉಪಚುನಾವಣೆ. ಮಸ್ಕಿ ನಮ್ಮ ಇಲಕಲ್ಲಿನಿಂದ ಎರಡು ತಾಸಿನ ಹಾದಿ. ಆ ಪ್ರಚಾರದ ಸಭೆಗಳಲ್ಲಿ ಸೇರಿದಷ್ಟು ಮಂದಿ ಯಾವ ನಾಟಕಕ್ಕೂ ಸೇರಿರಲಿಕ್ಕಿಲ್ಲ. ಆಡಳಿತದವರಷ್ಟೇ ಅಲ್ಲ, ವಿರೋಧಿಗಳೂ ಕಡಿಮೆಯಿಲ್ಲ. 2022ರ ಜನವರಿ 9ರಿಂದ ವಾರಾಂತ್ಯದ ಕರ್ಫ್ಯೂ ನಡುವೆಯೇ ಮೇಕೆದಾಟು ಪಾದಯಾತ್ರೆ. ಅದೇ ವಾರ ನಮ್ಮ ನಾಟಕದವರಿಗೆ ತಗಡು ಇಳಿಸಬೇಡಿ ಅಂತ ಕಟ್ಟಪ್ಪಣೆ. ರಾಜಕಾರಣಿಗಳ ಮೇಳಕ್ಕೆ ಲೈಸೆನ್ಸ್ ಬೇಡವೇನೋ!

ಸರಿ, ಏನು ಕೊಟ್ಟರು? 2020ರಲ್ಲಿ ಸಂಕಷ್ಟದಲ್ಲಿರುವ ಕಲಾವಿದರಿಗೆ 2,000 ರೂಪಾಯಿ. 2021ರ ಮೇ 19ಕ್ಕೆ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,250 ಕೋಟಿಯ ಪ್ಯಾಕೇಜು ಘೋಷಿಸಿದಾಗ ಕಲಾವಿದರು ಮತ್ತು ಕಲಾತಂಡಗಳಿಗೆ ತಲಾ 3,000. ಫಲಾನುಭವಿಗಳ ಸಂಖ್ಯೆ 16,095 ಅಂತ ಲೆಕ್ಕ ಹಾಕಿದ್ದರು, ಒಟ್ಟು ನಾಲ್ಕು ಕೋಟಿ ಎಂಬತ್ತೆರಡು ಲಕ್ಷ. ಇಡೀ ಕರ್ನಾಟಕಕ್ಕೆ! ಯಕ್ಷಗಾನ, ಡೊಳ್ಳು, ಕಂಸಾಳೆ, ನಾಟಕ, ತಮಟೆ, ಹಲಗಿ, ಪಾರಿಜಾತ, ಸುಗಮ ಸಂಗೀತ, ಚಿತ್ರಕಲೆ ಎಲ್ಲ ಸೇರಿ ಹದಿನಾರು ಸಾವಿರ ಮಂದಿಯೇ? ನಮ್ಮ ಬಾಗಲಕೋಟೆಯ ಹೋಳಿಯ ಬಣ್ಣದ ದಿನಗಳಲ್ಲಿ ಹಲಗಿ ಬಡಿಯುವವರನ್ನು ಎಣಿಸಲು ಹೋದರೇನೇ ನಿಮ್ಮ ಪಟ್ಟಿ ಸಾಲುವುದಿಲ್ಲ.

ಸಣ್ಣ ಗಣಿತ ಮಾಡೋಣ. ಆ ವರ್ಷ ಏಪ್ರಿಲ್ ಕೊನೆಯ ವಾರದಿಂದ, ಥೇಟರುಗಳು ಅರ್ಧ ತೆರೆದ ಜುಲೈ 19ರವರೆಗೆ ಎಂಬತ್ತು ದಿನಕ್ಕೂ ಹೆಚ್ಚು. ಮೂರು ಸಾವಿರವನ್ನು ಹಂಚಿರಿ. ದಿನಕ್ಕೆ ನಲವತ್ತು ರೂಪಾಯಿಯೂ ಬೀಳುವುದಿಲ್ಲ. ಅದೇ ವರ್ಷ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 289. ಅಂದರೆ ಸರಕಾರದ ಕಣ್ಣಿನಲ್ಲಿ ಮುಚ್ಚಿದ ಅಷ್ಟೂ ದಿನಕ್ಕೆ ಒಬ್ಬ ಕಲಾವಿದನ ಬೆಲೆ ಹತ್ತು ದಿನ ಬದು ಹಾಕಿದ ಕೂಲಿಯಷ್ಟು. ಕಲಾವಿದೆಯರು ಬದು ಹಾಕಲೂ ಹೋದರು, ಅದೇನು ಅವಮಾನದ ಕೆಲಸವಲ್ಲ. ಆದರೆ ಅದಕ್ಕೆ "ಕಲೆ ಹೊಂದಿಕೊಂಡಿತು" ಅಂತ ಹೆಸರಿಡಬೇಡಿ.

ಅತ್ತ ಬ್ರಿಟನ್ನಿನಲ್ಲಿ 2020ರ ಜುಲೈನಲ್ಲೇ ರಂಗಮಂದಿರ, ಮ್ಯೂಸಿಯಮ್ಮುಗಳಿಗೆಲ್ಲ ಸೇರಿ 1.57 ಬಿಲಿಯನ್ ಪೌಂಡ್ ಎತ್ತಿಟ್ಟರು. ಜರ್ಮನಿ ಸಂಸ್ಕೃತಿಯ ಪುನರಾರಂಭಕ್ಕೆ ಅಂತ ಒಂದು ಬಿಲಿಯನ್ ಯುರೋ ಕೊಟ್ಟಿತು. ಅವರು ಶ್ರೀಮಂತರು, ಹೋಲಿಸಬೇಡಿ ಅನ್ನುತ್ತೀರಿ. ಒಪ್ಪಿದೆ. ನಾನು ಹೋಲಿಸುತ್ತಿರುವುದು ರೊಕ್ಕವನ್ನಲ್ಲ. ಮುಚ್ಚಿಸಿದವರೇ ನಷ್ಟ ಕಟ್ಟಿಕೊಡಬೇಕು ಅನ್ನುವ ತಿಳಿವಳಿಕೆ ಅಲ್ಲಿತ್ತು. ಇಲ್ಲಿ ಕೊಟ್ಟಿದ್ದು ದಾನ. ನಷ್ಟ ಕಟ್ಟಿಕೊಡುವಾಗ ಎಷ್ಟು ಹೋಯಿತು ಅಂತ ಕೇಳಬೇಕಾಗುತ್ತದೆ, ದಾನಕ್ಕೆ ಕೈ ಎಷ್ಟು ಚಾಚಿದ್ದಾರೆ ಅಂತ ನೋಡಿದರೆ ಸಾಕು.

ಈ ದಾನಕ್ಕೂ ಅರ್ಜಿ ಆನ್‌ಲೈನಿನಲ್ಲೇ. ನನಗೆ ಗೊತ್ತಿರುವ ಮೂವರಿಗಾಗಿ ನಾನೇ ಕೂತು ತುಂಬಿದ್ದೇನೆ, ಆದ್ದರಿಂದ ಹೇಳುತ್ತೇನೆ. ಕಲಾವಿದ ಅನ್ನುವುದಕ್ಕೆ ದಾಖಲೆ ಬೇಕು. ಪ್ರಶಸ್ತಿ ಪತ್ರ, ಸಂಘದ ಪತ್ರ, ಪೇಪರಿನ ತುಣುಕು. ನಲವತ್ತು ವರ್ಷ ಊರೂರು ತಿರುಗಿ ನಾಟಕ ಕಲಿಸಿದ ಮನುಷ್ಯನ ಹತ್ತಿರ ಒಂದು ಹರಿದ ನೋಟಬುಕ್ಕು, ಹಾಡಿನ ಸಾಹಿತ್ಯ ಬರೆದಿಟ್ಟದ್ದು. ಅದನ್ನು ಸ್ಕ್ಯಾನ್ ಮಾಡಿ ಹಾಕಲೇ? ಒಂದು ಕಚೇರಿಗೆ ಫೋನ್ ಮಾಡಿ ಕೇಳಿದೆ. "ಯಾವುದಾದರೂ ನೋಂದಾಯಿತ ಸಂಘದ ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಬರ್ರಿ" ಅಂದರು. ಮೂವರಲ್ಲಿ ಒಬ್ಬರಿಗೆ ರೊಕ್ಕ ಬಂತು. ಅವರಿಗೆ ಲೆಟರ್‌ಹೆಡ್ ಇರುವ ಅಳಿಯ ಇದ್ದ.

ಈಗ ಬಂದೆವು ನೋಡಿ ನಮ್ಮ ಸಂಘಗಳ ಹತ್ತಿರ! ಚೀನಾದ ಸಂಘಗಳನ್ನು ಹೊಗಳುವವರು ನಮ್ಮ ಸಂಘಗಳನ್ನೂ ಒಮ್ಮೆ ನೋಡಬೇಕು. ಜಿಲ್ಲೆಯಲ್ಲಿ ಕಲಾ ಸಂಘ, ಸಾಂಸ್ಕೃತಿಕ ವೇದಿಕೆ, ಜಾನಪದ ಬಳಗಗಳಿಗೆ ಬರವಿಲ್ಲ. ಮನೆ ವಿಳಾಸದ ಮೇಲೆ ನೋಂದಣಿ, ಅಧ್ಯಕ್ಷ ಗಂಡ, ಕಾರ್ಯದರ್ಶಿ ಹೆಂಡತಿ, ಖಜಾಂಚಿ ಮೈದುನ. ವರ್ಷಕ್ಕೆ ಒಂದು ಕಾರ್ಯಕ್ರಮ, ಅದರ ಫೋಟೋ, ಅನುದಾನದ ಬಿಲ್ಲು. ಕೊರೊನಾ ಬಂದಾಗ ಇವರೂ "ಹೊಂದಿಕೊಂಡರು". ಗೂಗಲ್ ಮೀಟಿನಲ್ಲಿ ಕವಿಗೋಷ್ಠಿ. ಫೇಸ್‌ಬುಕ್ ಲೈವಿನಲ್ಲಿ ಉಪನ್ಯಾಸ. ಒಬ್ಬರಿಗೊಬ್ಬರು ಕೊರೊನಾ ವಾರಿಯರ್ ಪ್ರಶಸ್ತಿ ಪತ್ರ, ಮೊಬೈಲಿನಲ್ಲೇ ಮಾಡಿದ್ದು, ಮೂಲೆಯಲ್ಲಿ ಎರಡು ಹೂವು ಬೇರೆ. ನನಗೂ ಒಂದು ಬಂತು, ಬ್ಲಾಗ್ ಬರೆದು ಜನಜಾಗೃತಿ ಮಾಡಿದ್ದಕ್ಕಂತೆ :-( ಇವರಲ್ಲಿ ಒಂದಾದರೂ ಸಂಘ, ನಮ್ಮ ತಾಲೂಕಿನಲ್ಲಿ ಇಂತಿಷ್ಟು ನಾಟಕದವರಿದ್ದಾರೆ, ಇವರ ಮನೆಯಲ್ಲಿ ಒಲೆ ಹೊತ್ತಿಲ್ಲ ಅಂತ ಪಟ್ಟಿ ಮಾಡಿತೇ? ಮಾಡಿದ್ದರೆ ತಿಳಿಸಿರಿ, ಅವರ ಹೆಸರನ್ನು ಈ ಪುಟದ ತಲೆಯ ಮೇಲೆ ಹಾಕುತ್ತೇನೆ.

ಅಕ್ಕಿ ಬೇಳೆ ಕಿಟ್ಟು ಹಂಚಿದವರು ಇದ್ದರು, ಅವರಲ್ಲಿ ಬಹುಪಾಲು ಸಂಘದವರಲ್ಲ. ನಾಟಕದ ಹುಚ್ಚಿನ ಕಿರಾಣಿ ಅಂಗಡಿಯವರು, ಮಾಸ್ತರರ ಹತ್ತಿರ ಒಮ್ಮೆ ಭೀಮನ ಪಾತ್ರ ಕಲಿತಿದ್ದ ಲಾರಿ ಡ್ರೈವರು, ಇಂಥವರು.

ಇನ್ನು ಯೂಟ್ಯೂಬು. ನಮ್ಮ ಗೆಳೆಯರ ಮುಖ್ಯ ಬಾಣವೇ ಇದು. "ನಾಟಕ ರೆಕಾರ್ಡ್ ಮಾಡಿ ಹಾಕಿದ್ದರೆ ರೊಕ್ಕ ಬರುತ್ತಿತ್ತಲ್ಲ?" ಹಾಕಿದರು ಸ್ವಾಮೀ, ಹಾಕದೇ ಏನು. ಗೀಗೀ ಮೇಳದವರು ಕೊರೊನಾ ಪದ ಕಟ್ಟಿ ಮನೆ ಕಟ್ಟೆಯ ಮೇಲೆ ಹಾಡಿ ಬಿಟ್ಟರು, ನನ್ನ ಫೋನಿಗೇ ಹತ್ತು ಬಂದಿದ್ದವು. ನಗೆ ಪಾತ್ರದವರು ಇಬ್ಬಿಬ್ಬರೇ ನಿಂತು ಸಣ್ಣ ಸಣ್ಣ ತುಣುಕು ಮಾಡಿದರು. ಆದರೆ ಯೂಟ್ಯೂಬಿನಿಂದ ಜಾಹೀರಾತಿನ ರೊಕ್ಕ ಬರಬೇಕಾದರೆ ಆಗ ಕನಿಷ್ಠ ಸಾವಿರ ಮಂದಿ ಚಂದಾದಾರರು, ಒಂದು ವರ್ಷದಲ್ಲಿ ನಾಲ್ಕು ಸಾವಿರ ತಾಸಿನ ನೋಟ ಇರಬೇಕಿತ್ತು. ಅಷ್ಟು ಇದ್ದದ್ದು ಯಾರಿಗೆ? ಮೊದಲೇ ಚಾನೆಲ್ ಮಾಡಿಕೊಂಡಿದ್ದ ವಿಡಿಯೋದವರಿಗೆ. ನಾಲ್ಕು ವರ್ಷದ ಹಿಂದೆ ಯಾವುದೋ ಹಳ್ಳಿಯ ನಾಟಕದಲ್ಲಿ ಕುಣಿದ ಹುಡುಗಿಯ ವಿಡಿಯೋ ಲಕ್ಷಗಟ್ಟಲೆ ಮಂದಿ ನೋಡುತ್ತಿದ್ದರು, ಲಾಕ್‌ಡೌನಿನಲ್ಲಿ ಇನ್ನೂ ಹೆಚ್ಚು. ಆ ಹುಡುಗಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಕೆಳಗಿನ ಕಮೆಂಟುಗಳನ್ನು ಓದಿದರೆ ಪೈಸೆಯ ಜೊತೆಗೆ ಮರ್ಯಾದೆಯೂ ಇಲ್ಲ.

ಬೆಂಗಳೂರಿನ ಹವ್ಯಾಸಿ ತಂಡಗಳು ಜೂಮಿನಲ್ಲಿ ನಾಟಕ ಮಾಡಿದವು, ನಾನೂ ಒಂದೆರಡು ನೋಡಿದೆ. ತಪ್ಪಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಬೇರೆ ನೌಕರಿ ಇದೆ, ನಾಟಕ ಇಲ್ಲದಿದ್ದರೆ ಮನಸ್ಸು ಹಸಿಯುತ್ತದೆ. ಇಲ್ಲಿ ಹಸಿಯುವುದು ಹೊಟ್ಟೆ. ಎರಡೂ ಹಸಿವೇ ಇರಬಹುದು, ಮದ್ದು ಒಂದೇ ಅಲ್ಲ. ಇಷ್ಟಕ್ಕೂ ಕಂಪನಿ ನಾಟಕವನ್ನು ಆನ್‌ಲೈನಿಗೆ ಏರಿಸುವುದು ಎಂದರೇನು? ನಟ ಒಂದು ಮಾತು ಆಡುತ್ತಾನೆ, ಮುಂದೆ ಚಾಪೆಯಲ್ಲಿ ಕೂತ ಅಜ್ಜ ಏನೋ ಕೂಗುತ್ತಾನೆ, ನಟ ಅದನ್ನೇ ಹಿಡಿದು ಹತ್ತು ನಿಮಿಷ ಎಳೆಯುತ್ತಾನೆ. "ಒನ್ಸ್ ಮೋರ್" ಅಂತ ಹಾಡಿಗೆ ನೋಟು ಏರುತ್ತದೆ, ಸೆರಗಿಗೆ ಪಿನ್ನು ಚುಚ್ಚುತ್ತಾರೆ. ಮಂದಿ ಇಲ್ಲದೆ ಅದು ಅರ್ಧ ನಾಟಕ. ಜೊತೆಗೆ ಟಿಕೆಟ್ ಕೊಂಡವನು ರೊಟ್ಟಿ ಕೊಳ್ಳುತ್ತಾನೆ, ಬಳೆ ಕೊಳ್ಳುತ್ತಾನೆ, ಮಿರ್ಚಿ ಭಜಿ ತಿನ್ನುತ್ತಾನೆ. ಜಾತ್ರೆಯೆಂಬುದು ಒಂದು ಇಡೀ ಸಂತೆ, ಅದರೊಳಗಿಂದ ನಾಟಕವನ್ನಷ್ಟೇ ಕಿತ್ತು ಮೊಬೈಲಿನಲ್ಲಿ ಹಾಕಿದರೆ ಗಿಡ ಕಿತ್ತು ಹೂದಾನಿಯಲ್ಲಿ ಇಟ್ಟಂತೆ.

ಇನ್ನೊಂದು ವಾದವಿದೆ, ಇದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. "ಈ ಕಂಪನಿಗಳ ನಾಟಕ ಎಲ್ಲ ಡಬಲ್ ಮೀನಿಂಗು, ಹಾಡು ಕುಣಿತ, ಹೋದರೆ ಹೋಗಲಿ." ಕೆಲವು ನಾಟಕಗಳ ಹೆಸರನ್ನು ಮನೆಯಲ್ಲಿ ಜೋರಾಗಿ ಓದಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ನನಗೂ ಸರಿ ಬರುವುದಿಲ್ಲ. ಆದರೆ ಹೋಟೆಲಿನ ಸಾಂಬಾರು ರುಚಿಯಿಲ್ಲ ಅಂತ ಲಾಕ್‌ಡೌನಿನಲ್ಲಿ ಹೋಟೆಲ್ ಮಾಣಿ ಉಪವಾಸ ಇರಲಿ ಅನ್ನುತ್ತೇವೆಯೇ? ಕಲೆಯ ಗುಣಮಟ್ಟದ ಚರ್ಚೆ ಬೇರೆ, ದುಡಿಮೆಯ ಹಕ್ಕಿನ ಚರ್ಚೆ ಬೇರೆ. ಸಾಲದ ಬಡ್ಡಿ ಏರಿದಷ್ಟೂ ಮಾಲೀಕ ನಾಟಕವನ್ನು ಇನ್ನಷ್ಟು ಕೆಳಗೆ ಇಳಿಸುತ್ತಾನೆ, ಇದು ವ್ಯಾಪಾರದ ನಿಯಮ. ಎರಡು ಬನದ ಹುಣ್ಣಿಮೆ ತಪ್ಪಿಸಿಕೊಂಡ ಕಂಪನಿ 2023ರಲ್ಲಿ ಮತ್ತೆ ತಗಡು ನಿಲ್ಲಿಸಿದಾಗ ಸಾಲಗಾರ ಟಿಕೆಟ್ ಕೌಂಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರೆ, ಒಳಗೆ ರಕ್ತರಾತ್ರಿ ಆಡುವ ಧೈರ್ಯ ಯಾರಿಗೆ ಬಂದೀತು?

ಕಂಪನಿ ಮಾಲೀಕರೆಲ್ಲ ಪಾಪದವರು ಅಂತಲೂ ನಾನು ಹೇಳುವುದಿಲ್ಲ. ಮುಂಗಡ ಕೊಟ್ಟಿದ್ದನ್ನು ಲಾಕ್‌ಡೌನಿನಲ್ಲೇ ವಾಪಸ್ ಕೇಳಿದವರಿದ್ದಾರೆ. ಹಳ್ಳಿಯ ಕಮಿಟಿಗಳೂ ಹಾಗೆಯೇ. "ನಾಟಕ ಆಗಲಿಲ್ಲ, ಅಡ್ವಾನ್ಸ್ ತಿರುಗಿ ಕೊಡ್ರಿ" ಅಂತ ಕಲಾವಿದೆಯ ಮನೆ ಬಾಗಿಲಿಗೆ ನಾಲ್ಕು ಬೈಕಿನಲ್ಲಿ ಬಂದ ಗಂಡಸರನ್ನು ಕಂಡಿದ್ದೇನೆ. ಆಕೆ ಕೊಟ್ಟರು, ಕಿವಿಯದು ಬಿಚ್ಚಿ ಒತ್ತೆ ಇಟ್ಟು ಕೊಟ್ಟರು. "ಇಲ್ಲಂದ್ರ ಮುಂದಿನ ವರ್ಷ ಕರಿಯಂಗಿಲ್ಲರಿ ಅಣ್ಣಾರ" ಅಂದರು ನನಗೆ.

ಈಗ ಎಲ್ಲ ಮೊದಲಿನಂತಾಗಿದೆ ಅನ್ನುತ್ತೀರಿ. ಜಾತ್ರೆ ಕೂಡುತ್ತಿದೆ, ಮೈಕು ಕೂಗುತ್ತಿದೆ. ನಮ್ಮ ಬಾಗಲಕೋಟೆಯಲ್ಲೇ ಬಯಲಾಟ ಅಕಾಡೆಮಿ ಇದೆ, ದಾವಣಗೆರೆಗೆ ವೃತ್ತಿ ರಂಗಭೂಮಿಗಾಗಿಯೇ ಒಂದು ರಂಗಾಯಣ ಬಂದಿದೆ. ಸಂತೋಷ. ಆದರೆ ನಾಳೆ ಇನ್ನೊಂದು ರೋಗ ಬಂದು ಮತ್ತೆ ಯುಗಾದಿಗೇ ಬಾಗಿಲು ಹಾಕಿದರೆ, ಹುನಗುಂದದ ಮೇಕಪ್ ಮನುಷ್ಯನಿಗೆ, ಅಮೀನಗಡದ ಸೀನರಿಯವನಿಗೆ, ಇಲಕಲ್ಲಿನ ಕ್ಯಾಶಿಯೋದವನಿಗೆ ಮರುವಾರ ರೊಕ್ಕ ಮುಟ್ಟಿಸಬಲ್ಲ ಒಂದು ಪಟ್ಟಿ ಎಲ್ಲಿದೆ? ಕಟ್ಟಡ ಕಾರ್ಮಿಕರಿಗೆ ಒಂದು ಕಲ್ಯಾಣ ಮಂಡಳಿ ಇದೆ, ಕಟ್ಟಡದ ಮೇಲೆ ಸೆಸ್ ವಸೂಲಾಗಿ ಅದಕ್ಕೆ ಸೇರುತ್ತದೆ. ಹಾಗಾಗಿ ಅವರಿಗೆ ಕೊಡಲು ಒಂದು ದಾರಿಯಾದರೂ ಇತ್ತು. ಜಾತ್ರೆಯ ಅಂಗಡಿ ಜಾಗದ ಹರಾಜು, ಕರ, ಪಾರ್ಕಿಂಗ್ ಅಂತ ಊರೂರಲ್ಲಿ ರೊಕ್ಕ ಬರುತ್ತದಲ್ಲ, ಅದರಲ್ಲಿ ನೂರಕ್ಕೆ ಒಂದೋ ಎರಡೋ ರೂಪಾಯಿ ಜಾತ್ರೆಯ ಕಲಾವಿದರ ಹೆಸರಿಗೆ ಎತ್ತಿಡಲು ಯಾವ ದೇವಿ ಬೇಡ ಅಂದಾಳು? ಬನಶಂಕರಿಯಂತೂ ಅನ್ನಲಾರಳು, ಶಾಕಾಂಬರಿ ಅವಳು, ಬರಗಾಲದಲ್ಲಿ ಕಾಯಿಪಲ್ಯೆ ಕೊಟ್ಟು ಉಳಿಸಿದವಳು.

ಪಟ್ಟಿ ಮಾಡುವುದು ಕಷ್ಟ ಅನ್ನುವ ನೆಪವನ್ನು ಮಾತ್ರ ನನ್ನ ಮುಂದೆ ಹೇಳಬೇಡಿ. ಪಟ್ಟಿ ಆಗಲೇ ಅಚ್ಚಾಗಿದೆ. ನಮ್ಮ ಕಡೆಯ ನಾಟಕದ ಕರಪತ್ರ ನೋಡಿದ್ದೀರಲ್ಲ? ಗುಲಾಬಿ ಇಲ್ಲವೇ ಹಳದಿ ಹಾಳೆ, ಮೇಲೆ ದೇವರ ಚಿತ್ರ, ನಾಟಕದ ಹೆಸರು, ದಿನಾಂಕ, ಊರು. ಕೆಳಗೆ ಒಂದೊಂದು ಪಾತ್ರದ ಎದುರಿಗೆ ಒಂದೊಂದು ಹೆಸರು, ಸ್ತ್ರೀ ಪಾತ್ರದವರ ಹೆಸರಿನ ಜೊತೆ ಅವರ ಊರು, ಹಾರ್ಮೋನಿಯಂ ಇಂಥವರು, ತಬಲಾ ಇಂಥವರು, ರಂಗಸಜ್ಜಿಕೆ ಇಂಥವರು, ಧ್ವನಿ ಬೆಳಕು ಇಂಥವರು. ಯಾವ ಸಂಘದ ಲೆಟರ್‌ಹೆಡ್ಡಿಗಿಂತ ಗಟ್ಟಿಯಾದ ದಾಖಲೆ ಇದು, ಇಡೀ ಊರು ಸಾಕ್ಷಿ. ಅರ್ಜಿಗೆ ಇದನ್ನು ಒಪ್ಪಿಕೊಂಡರೆ ಸಾಕಿತ್ತು.

ಆದ್ದರಿಂದ ಬ್ಲಾಗಿನ ಮಿತ್ರರಲ್ಲಿ, ವಿಶೇಷವಾಗಿ ಬಾಗಲಕೋಟೆ, ವಿಜಯಪುರ, ಕೊಪ್ಪಳ, ಗದಗ, ರಾಯಚೂರು ಕಡೆಯವರಲ್ಲಿ ಒಂದು ಕೆಲಸ ಕೇಳುತ್ತೇನೆ. ನಿಮ್ಮೂರಿನಲ್ಲಿ 2018ರಿಂದ ಈಚೆಗೆ ಆದ ನಾಟಕಗಳ ಕರಪತ್ರ ಮನೆಯಲ್ಲಿದ್ದರೆ ಫೋಟೋ ಹೊಡೆದು ಕಳಿಸಿರಿ. ದೇವರ ಮಾಡದಲ್ಲಿ, ಗ್ಯಾಸ್ ಪುಸ್ತಕದ ಒಳಗೆ, ಕಿರಾಣಿ ಡಬ್ಬಿಯ ತಳದಲ್ಲಿ ಹಾಸಿರುತ್ತಾರೆ, ಅಲ್ಲಿ ಹುಡುಕಿರಿ. ಕಲಾವಿದರ ಫೋನ್ ನಂಬರು ಇದ್ದರೆ ಮುಚ್ಚಿ ಕಳಿಸಿರಿ, ಅದನ್ನು ಬಯಲಿಗೆ ಹಾಕುವುದು ಬೇಡ. ಹೆಸರು, ಪಾತ್ರ, ಊರು, ವರ್ಷ, ಇಷ್ಟು ಸಾಕು. ನನ್ನ ಹತ್ತಿರ ಹುನಗುಂದ ಮತ್ತು ಇಲಕಲ್ಲ ಕಡೆಯವು ಒಂದು ಕೈಚೀಲ ತುಂಬ ಇವೆ, ಬಾದಾಮಿ ಕಡೆಯವು ಕಡಿಮೆ. ಕೆರೂರು, ಗುಳೇದಗುಡ್ಡದವರು ಯಾರಾದರೂ ಇದ್ದೀರಾ?